ಒಬ್ಬಟ್ಟು ತರಿಸಿದ ವರ್ಷ

ಹಬ್ಬದ ದಿನ ಇಪ್ಪತ್ತೆರಡು ಜನರನ್ನು ಊಟಕ್ಕೆ ಕರೆದು, ಮನೆಯ ಹೆಂಗಸರು ಸುಸ್ತಾಗದ ಹಾಗೆ ಉಣ್ಣಿಸಿ ಕಳಿಸುವುದು ಹೇಗೆಂದು ನನ್ನನ್ನು ಕೇಳುವವರಿದ್ದಾರೆ. ಕೇಳದೆ ಇದ್ದವರಿಗೂ ಹೇಳಿದ್ದೇನೆ. ಕಷ್ಟವೇನಿಲ್ಲ. ಎರಡು ವಾರ ಮುಂಚೆ ಶುರು ಮಾಡಬೇಕು, ಮತ್ತು ಅದಕ್ಕೂ ಮೊದಲು ಒಂದು ಸಲ ಚೆನ್ನಾಗಿ ಕೆಟ್ಟಿರಬೇಕು. ನಾನು ಕೆಟ್ಟ ಸಲದ ಕಥೆ ಇದು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಮನೆ ಆಗ ಚಾಮರಾಜಪೇಟೆಯಲ್ಲಿತ್ತು. ಹಳೆ ಸೀರೆ, ಹಳೆ ಪಂಚೆ ತೆಗೆದುಕೊಂಡು ಅದಕ್ಕೆ ಬದಲು ಸ್ಟೀಲ್ ಪಾತ್ರೆ ಕೊಡುವ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಬಸವನಗುಡಿ, ಗವಿಪುರವೆಲ್ಲ ತಿರುಗಿ ವ್ಯಾಪಾರ ಕಲಿತವನು ನಾನು. ಅಷ್ಟು ಹೊತ್ತಿಗೆ ಪೇಟೆಯಲ್ಲಿ ಒಂದು ಬಾಗಿಲಿನ ಪಾತ್ರೆ ಅಂಗಡಿ ಇಟ್ಟಿದ್ದೆ. ತಂದೆ ತೀರಿಕೊಂಡ ಮೇಲೆ ಯುಗಾದಿಯ ಊಟ ಹಿರಿಮಗನಾದ ನನ್ನ ಪಾಲಿಗೆ ಬಂತು. ಇಬ್ಬರು ಚಿಕ್ಕಪ್ಪಂದಿರು, ಅವರ ಮಕ್ಕಳುಮರಿ, ಗವಿಪುರದಿಂದ ತಂದೆಯ ಅಕ್ಕ, ಎಲ್ಲರೂ ಆವತ್ತು ನಮ್ಮಲ್ಲಿಗೇ. ನನ್ನ ಪಾಲಿಗೆ ಅಂದರೆ, ಕರೆಯುವುದು ನನ್ನ ಪಾಲಿಗೆ. ಒಬ್ಬಟ್ಟು ತಟ್ಟಿ ಬೇಯಿಸುವುದು ನನ್ನ ಹೆಂಡತಿಯ ಪಾಲಿಗೆ.

ಅವಳು ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಮದುವೆಯಾಗಿ ಶಾಲೆ ಬಿಟ್ಟವಳು. ಮಗಳು ಎರಡನೇ ಕ್ಲಾಸಿಗೆ ಹೋದ ವರ್ಷ ಆ ಶಾಲೆಯ ಹೆಡ್‌ಮಿಸ್ಟ್ರೆಸ್ಸು ಇವಳ ಕೈಬರಹ ನೋಡಿ, ಎಸ್ಸೆಸ್ಸೆಲ್ಸಿ ಒಂದು ಪಾಸು ಮಾಡಿಕೊಂಡು ಬಂದರೆ ಆಫೀಸಿನಲ್ಲಿ ಕೆಲಸ ಕೊಡುತ್ತೇನೆ ಅಂದಿದ್ದರು. ಅವಳು ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿದಳು. ಎಲ್ಲ ಪಾಸಾಯಿತು, ಲೆಕ್ಕ ಒಂದು ಹೋಯಿತು. ಅದಕ್ಕೆ ಕಾರಣ ಎರಡು. ಮೊದಲನೆಯದು, ಪರೀಕ್ಷೆಯ ಹೊತ್ತಿಗೇ ಬಂದ ಯುಗಾದಿಯ ದಿನ ಬೆಳಗಿನ ನಾಲ್ಕರಿಂದ ಬಾಣಲೆ, ಕಾವಲಿಯ ಮುಂದೆ ನಿಂತವಳು ಸಂಜೆ ಪುಸ್ತಕ ತೆಗೆದಿದ್ದೇ ತಡ, ಅದರ ಮೇಲೆಯೇ ತಲೆಯಿಟ್ಟು ನಿದ್ದೆ ಮಾಡಿದಳು. ಎರಡನೆಯದು, ಲಾಭ ನಷ್ಟದ ಲೆಕ್ಕವನ್ನು ಅವಳಿಗೆ ಹೇಳಿಕೊಟ್ಟವನು ನಾನು. "ನಿಮ್ಮ ಅಂಗಡಿ ಲೆಕ್ಕದಲ್ಲಿ ಉತ್ತರ ಬರುತ್ತೆ ಕಣ್ರೀ, ದಾರಿ ಬರಲ್ಲ. ಅವ್ರು ಮಾರ್ಕ್ಸ್ ಕೊಡೋದು ದಾರಿಗೆ" ಅಂದಳು. ನಾನು ಹೇಳಿಕೊಡುವುದನ್ನು ಬಿಟ್ಟೆ. ಅಕ್ಟೋಬರಿನಲ್ಲಿ ಮತ್ತೆ ಕಟ್ಟೋಣವೆಂದರೆ ಮಗಳಿಗೆ ಟೈಫಾಯಿಡ್ ಬಂತು. ಹೆಡ್‌ಮಿಸ್ಟ್ರೆಸ್ಸು ಜೂನ್‌ವರೆಗೆ ಜಾಗ ಖಾಲಿ ಇಡುತ್ತೇನೆ, ಅದರ ಮೇಲೆ ಆಗುವುದಿಲ್ಲ ಎಂದು ಹೇಳಿ ಕಳಿಸಿದರು. ವೇಳಾಪಟ್ಟಿ ಬಂತು. ಲೆಕ್ಕದ ಪರೀಕ್ಷೆ ಯುಗಾದಿಯ ಮಾರನೆಯ ದಿನ.

ಅವಳು ವೇಳಾಪಟ್ಟಿಯನ್ನು ಕ್ಯಾಲೆಂಡರಿನ ಮೊಳೆಗೇ ಸಿಕ್ಕಿಸಿದಳು, ಎರಡೂ ಒಟ್ಟಿಗೆ ಕಾಣುವ ಹಾಗೆ.

ಊಟವನ್ನೇ ನಿಲ್ಲಿಸಬಹುದಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ನಮ್ಮಲ್ಲಿ ಯುಗಾದಿ ಊಟ ನಿಲ್ಲುವುದು ಮನೆಯಲ್ಲಿ ಸಾವಾದ ವರ್ಷ ಮಾತ್ರ. ಅದಕ್ಕೆ ಯಾರೂ ತಯಾರಿರಲಿಲ್ಲ. ಆದ್ದರಿಂದ ಈ ವರ್ಷದ ಊಟದ ಗುತ್ತಿಗೆ ನನ್ನದು, ನೀನು ಮಹಡಿಯಿಂದ ಕೆಳಗೆ ಇಳಿಯುವ ಹಾಗಿಲ್ಲ ಎಂದು ನಾನು ಹೆಂಡತಿಗೆ ಹೇಳಿದೆ. ಅವಳು ಉಪ್ಪಿನ ಡಬ್ಬಿ ಯಾವುದು ಗೊತ್ತಾ ಎಂದು ಕೇಳಿದಳು. ಗೊತ್ತಿರಲಿಲ್ಲ. ಅವತ್ತೇ ತೋರಿಸಿಕೊಂಡೆ.

ಮೊದಲು ನಾನು ಕೈಹಾಕಿದ್ದು ಸ್ನಾನಕ್ಕೆ. ಹಿಂದಿನ ವರ್ಷದವರೆಗೆ ನೆಂಟರಲ್ಲಿ ಅರ್ಧ ಜನ ನಮ್ಮ ಮನೆಗೆ ಬಂದೇ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಹಂಡೆ ಕಾಯಿಸುವುದಕ್ಕೇ ಒಬ್ಬ ಹೆಂಗಸು ಬೇಕಾಗುತ್ತಿತ್ತು. ಈ ಸಲ ಹಂಡೆ ಸೋರುತ್ತಿದೆ, ದಯವಿಟ್ಟು ಸ್ನಾನ ಮುಗಿಸಿಕೊಂಡೇ ಬನ್ನಿ ಎಂದು ಮನೆಮನೆಗೆ ಹೋಗಿ ಹೇಳಿದೆ. ಪಾತ್ರೆ ವ್ಯಾಪಾರಿಯ ಮನೆಯ ಹಂಡೆ ಸೋರುತ್ತದೆಯೆಂದರೆ ಜನ ಬೇಗ ನಂಬುತ್ತಾರೆ, ಯಾಕೆಂದು ಗೊತ್ತಿಲ್ಲ. ಆಮೇಲೆ ಅಡುಗೆಯ ಪಟ್ಟಿ. ಅಮ್ಮ ಹೇಳಿದ್ದು ಹನ್ನೊಂದು ಬಗೆ, ನಾನು ಕೇಳಿದ್ದು ಆರು, ಎಂಟಕ್ಕೆ ವ್ಯವಹಾರ ಮುಗಿಯಿತು. ಅದರಲ್ಲಿ ಮೂರನ್ನು ಹೊರಗೆ ದಾಟಿಸಿದೆ. ನೆಂಟರಿಗೆ ಏನಾದರೂ ಮಾಡಿಕೊಂಡು ಬನ್ನಿ ಎಂದು ಹೇಳಬಾರದು, ಬೇಜಾರು ಮಾಡಿಕೊಳ್ಳುತ್ತಾರೆ. ದೊಡ್ಡ ಚಿಕ್ಕಮ್ಮನ ಹತ್ತಿರ, ನಿಮ್ಮ ಕೈ ಕೋಸಂಬರಿಯ ರುಚಿ ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ ಎಂದು ಹೇಳಿ ಸುಮ್ಮನೆ ಎದ್ದು ಬಂದೆ. ಸಣ್ಣ ಚಿಕ್ಕಮ್ಮನ ಹತ್ತಿರ ಅದನ್ನೇ ಹುರುಳಿಕಾಯಿ ಪಲ್ಯಕ್ಕೆ ಹೇಳಿದೆ. ಮಾವಿನಕಾಯಿ ಚಿತ್ರಾನ್ನಕ್ಕೆ ಇಬ್ಬರಿಗೂ ಹೇಳಿದೆ, ಒಬ್ಬರು ಮರೆತರೂ ಒಬ್ಬರು ತರಲಿ ಎಂದು. ಇಬ್ಬರೂ ತಂದರು. ಹಬ್ಬದ ದಿನ ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವ ಹಾಗಿಲ್ಲ, ಅದರಲ್ಲಿ ಒಬ್ಬಟ್ಟು ಹಾಕಿ ಕಳಿಸಬೇಕು. ಅದಕ್ಕೂ ಸೇರಿಸಿ ಒಬ್ಬಟ್ಟು ಎಷ್ಟು ಬೇಕೆಂದು ಗುರುತು ಹಾಕಿಕೊಂಡೆ.

ಇಷ್ಟೆಲ್ಲಕ್ಕಿಂತ ದೊಡ್ಡದು ಆ ಒಬ್ಬಟ್ಟು. ಬೇಳೆ ಬೇಯಿಸಿ, ಬಸಿದು, ಬೆಲ್ಲ ಹಾಕಿ ರುಬ್ಬಿ, ಹೂರಣ ಉಂಡೆ ಕಟ್ಟಿ, ಕಣಕದಲ್ಲಿ ತುಂಬಿ ತಟ್ಟಿ ಬೇಯಿಸುವುದು ಅರ್ಧ ದಿನದ ಕೆಲಸ. ಗಾಂಧಿ ಬಜಾರಿನ ಹಿಂದಿನ ಅಡ್ಡರಸ್ತೆಯೊಂದರಲ್ಲಿ ಒಬ್ಬ ಹೆಂಗಸು ಮನೆಯಲ್ಲೇ ಒಬ್ಬಟ್ಟು ಮಾಡಿಕೊಡುತ್ತಾರೆಂದು ನನ್ನ ಗಿರಾಕಿಯೊಬ್ಬರು ಹೇಳಿದ್ದರು. ನಮ್ಮ ನೆಂಟರಿಷ್ಟರಲ್ಲಿ ಅಲ್ಲಿಯವರೆಗೆ ಯಾರೂ ಹಬ್ಬದ ಒಬ್ಬಟ್ಟನ್ನು ಹೊರಗಿನಿಂದ ತಂದವರಿಲ್ಲ. ಅಮ್ಮ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ, ಆಯಮ್ಮ ಸ್ನಾನ ಮಾಡಿ ಒಲೆ ಹಚ್ಚುತ್ತಾಳಾ ಎಂದು ಕೇಳಿದರು. ನಮಗಿಂತ ಮುಂಚೆ ಮಾಡುತ್ತಾರೆ ಅಂದೆ. ಅಲ್ಲಿಗೆ ಅದು ಒಪ್ಪಿಗೆ ಎಂದು ತಿಳಿದುಕೊಂಡೆ.

ಆಕೆ ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಹೇಳಿದ ಬೆಲೆಯನ್ನು ನಾನು ಒಪ್ಪಲಿಲ್ಲ. ಮುಂಗಡವಾಗಿ ಹೇಳುತ್ತಿದ್ದೇನೆ, ದೊಡ್ಡ ಆರ್ಡರು, ಬೆಲ್ಲ ನಾನೇ ತಂದುಕೊಡುತ್ತೇನೆ ಎಂದು ಒಂದೊಂದಾಗಿ ಇಟ್ಟೆ. ಆಕೆ ಹೆಚ್ಚು ಎಳೆದಾಡದೆ ಇಳಿದರು. ಬೇಗ ಇಳಿದ ಬೆಲೆಯನ್ನು ಕಂಡರೆ ಒಂದು ಹೆಜ್ಜೆ ಹಿಂದೆ ಸರಿದು ಯೋಚಿಸಬೇಕು. ಇದನ್ನು ನಾನು ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೇನೆ. ಆಕೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಬರೀ ಒಬ್ಬಟ್ಟು ತಾನೆ?"

"ಬರೀ ಒಬ್ಬಟ್ಟೇ. ಬೇರೇನೂ ಬೇಡ" ಅಂದೆ. ಕುಕ್ಕರ್ ಕೊಂಡರೆ ಒಳಗಿನ ಬಟ್ಟಲು ಜೊತೆಗೆ ಬರುತ್ತದೆಯೇ ಎಂದು ಕೇಳದ ಗಿರಾಕಿಯನ್ನು ಕಂಡು ಮನಸ್ಸಿನಲ್ಲೇ ನಗುತ್ತಿದ್ದವನು ನಾನು.

ಯುಗಾದಿಯ ದಿನ ಹೆಂಡತಿ ಎಂದಿನಂತೆ ನಾಲ್ಕಕ್ಕೇ ಎದ್ದಳು. ಸ್ನಾನ, ಪೂಜೆ ಮುಗಿಸಿ, ಬೇವು ಬೆಲ್ಲ ತಿಂದು, ಏಳು ಗಂಟೆಗೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಮಹಡಿಗೆ ಹೋದಳು. ಮಹಡಿ ಅಂದರೆ ತಾರಸಿಯ ಮೇಲೆ ತಗಡು ಹೊದಿಸಿದ ಒಂದು ಕೋಣೆ, ನನ್ನ ಅಂಗಡಿಯ ಗೋದಾಮು. ಸುತ್ತ ಹುಲ್ಲು ಸುತ್ತಿದ ಕೊಳಗಗಳು, ತಟ್ಟೆಯ ಕಟ್ಟುಗಳು, ನಡುವೆ ಒಂದು ಚಾಪೆ, ಒಂದು ಡೆಸ್ಕು. ಮೊಣಕೈ ತಾಗಿದರೆ ಲೋಟದ ಸಾಲು ಝಣ್ ಎನ್ನುತ್ತಿತ್ತು. ಆ ಸದ್ದು ಕೇಳಿದಾಗಲೆಲ್ಲ ಓದುತ್ತಿದ್ದಾಳೆಂದು ನನಗೆ ಕೆಳಗೆ ಸಮಾಧಾನವಾಗುತ್ತಿತ್ತು.

ಹತ್ತು ಗಂಟೆಗೆ ಬಿದಿರಿನ ಪುಟ್ಟಿಯಲ್ಲಿ ಒಬ್ಬಟ್ಟು ಬಂತು. ಅಮ್ಮ ಬಾಳೆಎಲೆ ಸರಿಸಿ ನೋಡಿದರು. ಒಂದನ್ನು ಅಂಗೈಯಲ್ಲಿಟ್ಟುಕೊಂಡು ತೂಗಿದರು, ಮೂಸಿದರು, ಅಂಚನ್ನು ಮುರಿದು ನೋಡಿದರು. ಪರವಾಗಿಲ್ಲ ಅಂದರು. ನನಗೆ ಗೆದ್ದ ಹಾಗಾಯಿತು. ಆಮೇಲೆ ಅವರು ಪುಟ್ಟಿಯ ಹಿಂದೆ ನೋಡಿದರು, ಬಾಗಿಲ ಕಡೆ ನೋಡಿದರು.

"ಕಟ್ಟೆಲ್ಲಿ?"

ಕಟ್ಟು ಅಂದರೆ ಬೇಳೆ ಬೇಯಿಸಿ ಬಸಿದ ನೀರು. ಒಬ್ಬಟ್ಟಿನ ಸಾರು ಆಗುವುದು ಅದರಿಂದ. ಒಬ್ಬಟ್ಟು ಮಾಡಿದ ಮನೆಯಲ್ಲಿ ಕಟ್ಟು ತಾನಾಗಿ ಇರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ, ಪಟ್ಟಿಯಲ್ಲಿ ಬರೆಯುವುದಿಲ್ಲ. ನಮ್ಮ ಪಟ್ಟಿಯಲ್ಲೂ ಬರೆದಿರಲಿಲ್ಲ. ನಮ್ಮ ಕಡೆಯವರು ಯುಗಾದಿಯ ದಿನ ಒಬ್ಬಟ್ಟನ್ನು ಎರಡು ತಿಂದರೆ ಸಾರನ್ನು ಮೂರು ಸಲ ಹಾಕಿಸಿಕೊಳ್ಳುತ್ತಾರೆ. ಗವಿಪುರದ ಅತ್ತೆ ಬರುವುದೇ ಸಾರಿಗೆ.

ಸ್ವಲ್ಪ ಬೇಳೆ ಬೇಯಿಸಿ ನೀರು ಬಸಿದರೆ ಆಯಿತಲ್ಲ ಎಂದು ನಾನು ಅಮ್ಮನಿಗೆ ಹೇಳಿದೆ.

"ಇಪ್ಪತ್ತೆರಡು ಜನಕ್ಕೆ ಕಟ್ಟು ಬರ್ಬೇಕಂದ್ರೆ ನಾಕು ಸೇರು ಬೇಳೆ ಬೇಯ್ಬೇಕು. ಮನೇಲಿ ಇರೋದು ಅರ್ಧ ಸೇರು, ಅಂಗಡಿ ಬಾಗ್ಲು ಹಾಕಿದೆ. ಬೇಯ್ಸಿದೀಯ ಅಂತಾನೇ ಇಟ್ಕೊ. ಬೆಂದಿರೋ ಬೇಳೆ ಏನ್ ಮಾಡ್ತೀಯ, ಒಬ್ಬಟ್ಟು ಮಾಡ್ತೀಯ?"

ಅಮ್ಮ ಮೆಟ್ಟಿಲ ಕಡೆ ನೋಡಿದರು. ಅವರದು ಕೆಟ್ಟ ಮನಸ್ಸಲ್ಲ. ಕೈ ನಡುಗುತ್ತಿತ್ತು, ಎರಡು ವರ್ಷದಿಂದ ಒಲೆಯ ಮೇಲಿನ ದೊಡ್ಡ ಪಾತ್ರೆ ಇಳಿಸುತ್ತಿರಲಿಲ್ಲ. ಅವಳನ್ನು ಕರಿ, ಏನಾದರೂ ಒಂದು ಹೊಂದಿಸುತ್ತಾಳೆ ಅಂದರು. ಹೊಂದಿಸುತ್ತಿದ್ದಳು, ಅದು ನನಗೂ ಗೊತ್ತಿತ್ತು. ಇಳಿದು ಬಂದರೆ ಸಾರು ಮಾಡುತ್ತಿದ್ದಳು, ಬಂದವರಿಗೆ ಬಡಿಸುತ್ತಿದ್ದಳು, ಮುಸುರೆ ತಿಕ್ಕಿ ಮುಗಿಸುವಾಗ ಸಂಜೆಯಾಗುತ್ತಿತ್ತು, ಮತ್ತೆ ಪುಸ್ತಕದ ಮೇಲೆ ತಲೆಯಿಡುತ್ತಿದ್ದಳು. ಜೂನಿನಲ್ಲಿ ಶಾಲೆಯ ಆಫೀಸಿನ ಆ ಕುರ್ಚಿಯ ಮೇಲೆ ಬೇರೆ ಯಾರೋ ಕೂರುತ್ತಿದ್ದರು. ಅವಳಿಗೆ ಸುದ್ದಿ ಮುಟ್ಟಿಸಬೇಡಿ ಎಂದು ಅಮ್ಮನಿಗೆ ಹೇಳಿ, ದಾಸ್ತಾನಿನಿಂದ ಮುಚ್ಚಳವಿದ್ದ ಎರಡು ದೊಡ್ಡ ಹಾಲಿನ ಕ್ಯಾನು ತೆಗೆದುಕೊಂಡು ಸೈಕಲ್ ಹತ್ತಿದೆ.

ಗಾಂಧಿ ಬಜಾರಿನ ಆ ಮನೆಯಲ್ಲಿ ಒಲೆ ಆರಿತ್ತು. ಒಳಅಂಗಳದಲ್ಲಿ ಎರಡು ದೊಡ್ಡ ಕೊಳಗ, ಬಾಯಿಗೆ ಬಟ್ಟೆ ಕಟ್ಟಿತ್ತು. ಆಕೆ ಕಾಲು ಚಾಚಿ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು.

"ಬನ್ನಿ ಯಜಮಾನ್ರೇ. ಒಬ್ಬಟ್ಟು ಕಮ್ಮಿ ಬಂತಾ?"

"ಒಬ್ಬಟ್ಟು ಸರಿಯಾಗಿದೆ. ಕಟ್ಟು ಬೇಕಿತ್ತು."

ಆಕೆ ನಗಲಿಲ್ಲ. ಅದು ದೊಡ್ಡತನ. "ಅವತ್ತೇ ಕೇಳಿದ್ನಲ್ಲ, ಬರೀ ಒಬ್ಬಟ್ಟು ತಾನೆ ಅಂತ."

"ಕೇಳಿದ್ರಿ."

"ಬೇರೇನೂ ಬೇಡ ಅಂದ್ರಿ."

"ಅಂದೆ."

ಕಟ್ಟೆಲ್ಲ ಉಪ್ಪಾರಪೇಟೆಯ ಒಂದು ಮೆಸ್ಸಿಗೆ ಹೋಗುತ್ತದೆ, ಲಾಡ್ಜುಗಳಲ್ಲಿ ಇಳಿದುಕೊಂಡವರಿಗೆ ಹಬ್ಬದ ದಿನ ಒಬ್ಬಟ್ಟಿನ ಸಾರು ಹಾಕುತ್ತಾರೆ, ಇನ್ನರ್ಧ ಗಂಟೆಯಲ್ಲಿ ಅವರ ಆಟೋ ಬರುತ್ತದೆ ಎಂದು ವಿವರಿಸಿದರು. ಲಾಡ್ಜಿನವರಿಗೆ ಸಾರಿನ ರುಚಿ ಏನು ಗೊತ್ತಾಗುತ್ತದೆ ಎಂದು ನಾನು ಕೇಳಿದೆ. ಅವರು ಪ್ರತಿ ಹಬ್ಬಕ್ಕೂ ತೆಗೆದುಕೊಳ್ಳುತ್ತಾರೆ, ನೀವು ಈ ವರ್ಷ ಬಂದಿದ್ದೀರಿ ಎಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಚೌಕಾಸಿಗೆಂದು ಬಾಯಿ ತೆರೆದೆ, ಕೈಯಲ್ಲಿ ಏನೂ ಇರಲಿಲ್ಲ. ಬೆಲೆ ಮುರಿಯುವುದು ಯಾವಾಗಲೂ ಬೇಡ ಎನ್ನಲು ಧೈರ್ಯವಿದ್ದವನು. ನನಗೆ ಬೇಕೇ ಬೇಕಾಗಿತ್ತು, ಅದು ನನ್ನ ಮುಖದ ಮೇಲೆ ಬರೆದಿತ್ತು. ವ್ಯಾಪಾರಿ ಕೊನೆಗೆ ಬಳಸುವ ಸಾಮಾನೆಂದರೆ ನಿಜ. ಅದನ್ನೇ ಹೊರಗೆ ತೆಗೆದೆ. ಹೆಂಡತಿಗೆ ನಾಳೆ ಪರೀಕ್ಷೆ, ಸಾರಿಲ್ಲದಿದ್ದರೆ ಅವಳನ್ನು ಕೆಳಗೆ ಕರೆಯುತ್ತಾರೆ, ಕರೆದರೆ ಮುಗಿಯಿತು ಎಂದು ಹೇಳಿದೆ.

"ಯಾವ ಪರೀಕ್ಷೆ?"

"ಎಸ್ಸೆಸ್ಸೆಲ್ಸಿ. ಲೆಕ್ಕ."

ಆಕೆ ಎದ್ದು ಬಂದು ನನ್ನ ಕೈಯಲ್ಲಿದ್ದ ಕ್ಯಾನನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು ಕೇಳಿದರು. ದಪ್ಪ ತಗಡೋ ತೆಳು ತಗಡೋ ಎಂದು ಹಾಗೆ ಪರೀಕ್ಷಿಸಬೇಕೆಂದು ನಾನು ಗಿರಾಕಿಗಳಿಗೆ ಹೇಳಿಕೊಡುತ್ತೇನೆ.

"ನಿಮ್ಮಂಗಡೀದಾ?"

"ಹೌದು."

"ಒಂದು ಇಲ್ಲಿರ್ಲಿ. ಇನ್ನೊಂದಕ್ಕೆ ಹಾಕ್ಕೊಡ್ತೀನಿ. ಮೆಸ್ಸಿನೋರಿಗೆ ಈ ಸಲ ನೀರು ಜಾಸ್ತಿ ಇಂಗ್ತು ಅಂತೀನಿ."

ಹಬ್ಬದ ದಿನ ಹೊಸ ಪಾತ್ರೆ ಕೊಟ್ಟು ಬೇಳೆಯ ನೀರು ತಂದ ವ್ಯಾಪಾರಿ ಪೇಟೆಯಲ್ಲಿ ನಾನೊಬ್ಬನೇ ಇರಬೇಕು. ಹೊರಟವನನ್ನು ಆಕೆ ಮತ್ತೆ ಕರೆದು, ಎಲೆಯಲ್ಲಿ ಕಟ್ಟಿದ ಒಂದು ಹೂರಣದ ಉಂಡೆ ಕೈಗೆ ಕೊಟ್ಟರು. ಹೂರಣ ಕದಡದೆ ಸಾರು ಹೇಗೆ ಮಾಡುತ್ತೀರಿ, ನಿಮಗೆ ಯಾರೂ ಏನೂ ಹೇಳಿಕೊಟ್ಟಿಲ್ಲವೇ ಎಂದು ಕೇಳಿದರು. ನಾನು ಬೇರೆಯವರಿಗೆ ಹೇಳಿಕೊಡುವವನು ಎಂದು ಅಲ್ಲಿ ಹೇಳಲಿಲ್ಲ.

ಮನೆಗೆ ಬರುವ ಹೊತ್ತಿಗೆ ಪಂಚೆಯ ಒಂದು ಬದಿ ಮಂಡಿಯವರೆಗೆ ಕಟ್ಟು ಚೆಲ್ಲಿತ್ತು. ಗವಿಪುರದ ಅತ್ತೆ ಬಂದಾಗಿತ್ತು. ಹಣೆಯ ತುಂಬ ವಿಭೂತಿ, ಇಳಕಲ್ ಸೀರೆ, ಮಹಡಿ ಮೆಟ್ಟಿಲಿನ ಮೊದಲನೆಯದರ ಮೇಲೆ ಒಂದು ಕಾಲು.

"ಎಲ್ಲೋ ನಿನ್ ಹೆಂಡ್ತಿ?"

"ಮೇಲೆ ಓದ್ತಿದಾಳೆ, ಅತ್ತೆ. ನಾಳೆ ಪರೀಕ್ಷೆ."

"ಹಬ್ಬದ ದಿನ ಸೊಸೆ ಮಹಡಿ ಹತ್ತಿ ಬಾಗ್ಲು ಹಾಕ್ಕೊಂಡ್ರೆ ಮನೆಗೆ ಲಕ್ಷ್ಮಿ ಎಲ್ಲಿಂದ ಬರ್ತಾಳೋ?"

"ಬೀದಿ ಬಾಗ್ಲಿಂದ ಬರ್ಲಿ. ತೆಗ್ದೇ ಇಟ್ಟಿದೀನಿ."

ಅತ್ತೆ ಬೀದಿ ಬಾಗಿಲನ್ನು ತಿರುಗಿ ನೋಡಿದರು. ನಿಜವಾಗಿ ತೆರೆದೇ ಇತ್ತು. ನಾನು ಅವರಿಗೂ ಮೆಟ್ಟಿಲಿಗೂ ನಡುವೆ ಕ್ಯಾನು ಇಟ್ಟೆ. ಮಡಿವಂತ ಹೆಂಗಸು ಹಬ್ಬದ ಕಟ್ಟನ್ನು ದಾಟುವುದಿಲ್ಲ. ಅದೇನು ಎಂದು ಕೇಳಿದರು. ಹೇಳಿದೆ. ಎಲ್ಲಿಂದ ಬಂತು ಎಂದು ಕೇಳಿದರು. ಅದನ್ನೂ ಹೇಳಿದೆ. ಒಬ್ಬಟ್ಟೂ ಅಲ್ಲಿಂದಲೇ ಬಂದದ್ದು ಎಂದು ಅಮ್ಮ ಅಡುಗೆಮನೆಯಿಂದಲೇ ಸೇರಿಸಿದರು. ಅತ್ತೆ ಅಡುಗೆಮನೆಯ ಹೊಸ್ತಿಲಿಗೆ ಮಣೆ ಎಳೆದುಕೊಂಡು ಕೂತರು. ಮಾತಾಡಲಿಲ್ಲ. ಮಾತಾಡದ ಅತ್ತೆಯನ್ನು ನಾನು ಅದುವರೆಗೆ ನೋಡಿರಲಿಲ್ಲ.

ಸಾರು ನಾನೇ ಮಾಡುವುದು ಎಂದು ತೀರ್ಮಾನಿಸಿದೆ. ಅಮ್ಮ ಸ್ಟೂಲಿನ ಮೇಲೆ ಕೂತು ಹೇಳುವುದು, ನಾನು ಮಾಡುವುದು. ತೆಂಗಿನಕಾಯಿ ತುರಿದೆ, ಒರಳಲ್ಲಿ ರುಬ್ಬಿದೆ, ಹುಣಸೆ ಕಿವುಚಿದೆ. ಕಟ್ಟು ಕುದಿಯಿತು. ಸಾರಿನ ಪುಡಿ ಎಷ್ಟು ಎಂದರೆ ಅಮ್ಮ ಕಣ್ಣಂದಾಜು ಅಂದರು. ನನ್ನ ಕಣ್ಣಿಗೆ ತೂಕದ ಅಂದಾಜಿದೆ, ಪುಡಿಯದಿಲ್ಲ. ಆದರೂ ಹಾಕಿದೆ. ಒಂದು ಕ್ಯಾನು ಇಪ್ಪತ್ತೆರಡು ಜನಕ್ಕೆ ಸಾಲುವುದಿಲ್ಲವೆನಿಸಿ ಒಂದು ಚೊಂಬು ನೀರು ಹಾಕಿದೆ. ಹೊಸ್ತಿಲ ಮೇಲೆ ಬಳೆ ಸದ್ದಾಯಿತು. ಎರಡನೆಯ ಚೊಂಬು ಹಾಕಿದೆ. ಮೂರನೆಯದನ್ನು ಎತ್ತಿದಾಗ ಅತ್ತೆ ಎದ್ದು ಬಂದು ನನ್ನ ಕೈ ಹಿಡಿದರು.

"ಅದೇನ್ ಸಾರೋ, ಪಾತ್ರೆ ತೊಳ್ದಿರೋ ನೀರೋ? ಏಳು ಅತ್ಲಾಗೆ."

ಸೆರಗು ಸಿಕ್ಕಿಸಿಕೊಂಡರು. ಹೂರಣದ ಉಂಡೆಯನ್ನು ಮುರಿದು ಕದಡಿದರು, ಬೆಲ್ಲ ಕೇಳಿದರು, ಇನ್ನೊಂದು ಹಿಡಿ ಕಾಯಿ ರುಬ್ಬಿಸಿದರು, ನನ್ನ ಕೈಯಲ್ಲೇ ರುಬ್ಬಿಸಿದರು, ಒಗ್ಗರಣೆಗೆ ಇಂಗು ಹಾಕಿದರು. ಹಿರಿಯರಿಂದ ಕೆಲಸ ತೆಗೆಯಬೇಕಾದರೆ ಕೇಳಬಾರದು, ಅವರ ಕಣ್ಣೆದುರಿಗೆ ಕೆಡಿಸಬೇಕು ಎಂದು ಆಮೇಲೆ ಎಷ್ಟೋ ಮನೆಗಳಲ್ಲಿ ಉಪಾಯ ಹೇಳಿದ್ದೇನೆ. ಅವತ್ತು ಅದು ಉಪಾಯವಾಗಿರಲಿಲ್ಲ. ಸಾರು ಚೆನ್ನಾಗಿ ಬರುತ್ತಿದೆ ಎಂದೇ ನಾನು ತಿಳಿದಿದ್ದೆ.

ಒಂದೂವರೆಗೆ ಎಲೆ ಹಾಕಿದೆವು. ಎರಡು ಪಂಕ್ತಿ, ಬಡಿಸಿದ್ದು ನಾನು ಮತ್ತು ಚಿಕ್ಕಪ್ಪಂದಿರು. ಗಂಡಸರು ಬಡಿಸಿದರೆ ಒಂದು ಲಾಭವಿದೆ, ಯಾರೂ ಇನ್ನೊಂದು ಸ್ವಲ್ಪ ಎಂದು ಮೂರನೇ ಸಲ ಕೇಳುವುದಿಲ್ಲ. ಸಾರು ಮಾತ್ರ ಕೇಳಿದರು, ಅದೂ ಸರಿಯಾಗಿ ಸಾಕಾಯಿತು. ಸೊಸೆ ಎಲ್ಲಿ ಎಂದು ಒಂದಿಬ್ಬರು ವಿಚಾರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಸಾರು ಹೇಗಿದೆ ಅದು ಹೇಳಿ ಎಂದು ಕೇಳಿ ಮಾತು ಮುಗಿಸಿದರು.

ಅತ್ತೆ ಕೊನೆಯಲ್ಲಿ ಉಂಡರು. ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಸಿಕೊಂಡು, ಹೂರಣ ಹದವಾಗಿದೆ, ನಮ್ಮ ಮನೆಯದಲ್ಲ ಅಷ್ಟೆ ಅಂದರು. ಕೈ ತೊಳೆದು ಬಂದು ಒಂದು ಸ್ಟೀಲ್ ತಟ್ಟೆಗೆ ಅನ್ನ, ಎರಡು ಒಬ್ಬಟ್ಟು, ಕೋಸಂಬರಿ, ಬಟ್ಟಲಲ್ಲಿ ಸಾರು ಇಟ್ಟುಕೊಂಡು, ಯಾರಿಗೂ ಹೇಳದೆ ಮಹಡಿ ಮೆಟ್ಟಿಲು ಹತ್ತಿದರು. ನಾನು ಎಲೆ ಎತ್ತುತ್ತಿದ್ದೆ. ಬೆಳಗಿನಿಂದ ತಡೆದು ಹಿಡಿದದ್ದು ಈಗ ಮೇಲೆ ಹೋಯಿತಲ್ಲ ಅಂದುಕೊಂಡೆ. ಬೈಗುಳ ಕೇಳಿಸಬಹುದೆಂದು ಕಾದೆ. ಕೇಳಿಸಲಿಲ್ಲ. ಲೋಟದ ಸದ್ದೂ ಇಲ್ಲ. ಕೈ ಒರೆಸಿಕೊಂಡು ಹಿಂದೆಯೇ ಹೋದೆ.

ಅತ್ತೆ ಮೇಲಿನ ಮೆಟ್ಟಿಲ ಮೇಲೆ, ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಪಕ್ಕದಲ್ಲಿ ತಟ್ಟೆ, ಮೇಲೆ ಇನ್ನೊಂದು ತಟ್ಟೆ ಮುಚ್ಚಿತ್ತು.

"ಏನ್ ಬೇಕು ನಿಂಗೆ?"

"ಊಟ ಮಾಡ್ಲಿಲ್ವಾ ಅವಳು?"

"ಮಲಗಿದಾಳೆ."

ಅವರ ಭುಜದ ಮೇಲಿನಿಂದ ಬಗ್ಗಿ ನೋಡಿದೆ. ಹುಲ್ಲು ಸುತ್ತಿದ ಕೊಳಗಗಳ ನಡುವೆ, ಚಾಪೆಯ ಮೇಲೆ, ಕೈ ತಲೆಗೆ ಕೊಟ್ಟುಕೊಂಡು ನನ್ನ ಹೆಂಡತಿ ಗಾಢವಾಗಿ ನಿದ್ದೆ ಮಾಡುತ್ತಿದ್ದಳು. ತಗಡಿನ ಕಾವಿಗೆ ಹಣೆಯ ಮೇಲೆ ಬೆವರು. ನಾನು ಹಂಡೆಯ ಬಗ್ಗೆ ಸುಳ್ಳು ಹೇಳಿದ್ದು, ಕ್ಯಾನು ಕಳೆದುಕೊಂಡದ್ದು, ಕಾಯಿ ರುಬ್ಬಿದ್ದು ಎಲ್ಲ ಅವಳು ಓದಲೆಂದು. ನಿದ್ದೆ ಹಿಂದಿನ ವರ್ಷವೂ ಮಾಡಿದ್ದಳು. ಎಬ್ಬಿಸುತ್ತೇನೆ ಎಂದು ಒಂದು ಹೆಜ್ಜೆ ಮುಂದಿಟ್ಟೆ.

"ಎಬ್ಬಿಸಿದ್ರೆ ನೋಡು" ಅಂದರು ಅತ್ತೆ. ದನಿ ಎತ್ತಲಿಲ್ಲ.

"ನಾಳೆ ಪರೀಕ್ಷೆ, ಅತ್ತೆ."

"ಗೊತ್ತು. ಪುಸ್ತಕ ನೋಡ್ದೆ. ಒಂದ್ ನೋಟ್‌ಬುಕ್ ಪೂರ್ತಿ ಲೆಕ್ಕ ಮಾಡಿದಾಳೆ."

"ಅರ್ಧ ಗಂಟೆ ಬಿಟ್ಟು ಎಬ್ಬಿಸ್ಲಾ?"

"ಎಚ್ಚರ ಆದಾಗ ಏಳ್ತಾಳೆ."

"ಮುಕ್ಕಾಲು ಗಂಟೆ."

ಅತ್ತೆ ನನ್ನನ್ನು ನೋಡಿದರು. "ನಂಗೆ ಮದ್ವೆಯಾಗಿ ನಲವತ್ತು ವರ್ಷ ಆಯ್ತು ಕಣೋ. ಯುಗಾದಿ ಮಧ್ಯಾಹ್ನ ಮಲಗಿರೋ ಹೆಂಗಸನ್ನ ಇವತ್ತೇ ನೋಡ್ತಿರೋದು. ಹೋಗು, ಪಾತ್ರೆ ತೊಳಿ."

ಒಂದೇ ದಿನದಲ್ಲಿ ಎರಡು ಚೌಕಾಸಿ ಸೋತೆ. ಕೆಳಗೆ ಹೋಗಿ ಪಾತ್ರೆ ತೊಳೆದೆ. ಮಾರುವಾಗ ಗಮನಿಸಿರದ ಒಂದು ವಿಷಯ ಗೊತ್ತಾಯಿತು, ಕಂಠ ಒಳಕ್ಕೆ ಮಡಿಚಿದ ಕೊಳಗದಲ್ಲಿ ಜಿಡ್ಡು ಹೋಗುವುದಿಲ್ಲ. ಕೊಳ್ಳುವವರು ಬೆರಳು ಹಾಕಿ ನೋಡಿ. ನೆಂಟರು ತಮ್ಮ ತಮ್ಮ ಪಾತ್ರೆಗಳಲ್ಲಿ ಒಬ್ಬಟ್ಟು ಹಾಕಿಸಿಕೊಂಡು ಒಬ್ಬೊಬ್ಬರಾಗಿ ಹೊರಟರು. ಮೂರು ಹೊಡೆಯಿತು, ಮೂರೂವರೆಯಾಯಿತು. ಪ್ರತಿ ಸಲ ಮೆಟ್ಟಿಲ ಬುಡಕ್ಕೆ ಹೋಗಿ ಮೇಲೆ ನೋಡಿದೆ. ಪ್ರತಿ ಸಲ ಅತ್ತೆ ಅಲ್ಲೇ ಇದ್ದರು, ಬೀಸಣಿಗೆ ಬೀಸುತ್ತ, ನನಗೆ ಬೇಡವೆಂದು ತಲೆಯಾಡಿಸುತ್ತ.

ನಾಲ್ಕಕ್ಕೆ ಅವಳು ತಾನಾಗಿ ಎದ್ದಳಂತೆ. ಬಾಗಿಲಲ್ಲಿ ಅತ್ತೆಯನ್ನು ಕಂಡು ಗಾಬರಿಯಾಗಿ ಕೆಳಗೆ ಇಳಿಯಲು ಹೊರಟಳಂತೆ. ಅತ್ತೆ ತಟ್ಟೆ ತೆಗೆದುಕೊಟ್ಟು, ಮೊದಲು ಉಣ್ಣು, ಕೆಳಗೆ ಏನೂ ಇಲ್ಲ ಅಂದರಂತೆ. ಇದನ್ನೆಲ್ಲ ಹೆಂಡತಿ ನನಗೆ ಆಮೇಲೆ ಹೇಳಿದ್ದು. ಹಳೆಯ ಬಿಲ್ಲುಗಳ ಹಿಂಬದಿಯಲ್ಲಿ ದೀಪ ಹಚ್ಚುವ ಹೊತ್ತಿನವರೆಗೆ ಲೆಕ್ಕ ಮಾಡಿದಳು, ದಾರಿ ಸಮೇತ. ಅತ್ತೆಯನ್ನು ನಾನು ಬಸ್ ಸ್ಟಾಪಿನವರೆಗೆ ಬಿಡಲು ಹೋದೆ. ದಾರಿಯುದ್ದಕ್ಕೂ ಒಂದೇ ಮಾತಾಡಿದರು, "ಮುಂದಿನ್ ವರ್ಷ ಕಟ್ಟೂ ಸೇರ್ಸಿ ಮಾತಾಡು."

ಮಾರನೆಯ ದಿನ ಅವಳನ್ನು ಬಸವನಗುಡಿಯ ಪರೀಕ್ಷಾ ಕೇಂದ್ರಕ್ಕೆ ಬಿಟ್ಟುಬಂದೆ. ಮಧ್ಯಾಹ್ನ ಬಂದಾಗ ಹೇಗಾಯಿತು ಎಂದು ಕೇಳಿದೆ. ಒಂದು ಲೆಕ್ಕ ಬಿಟ್ಟೆ, ಉಳಿದದ್ದು ಬರೆದೆ ಅಂದಳು.

ಫಲಿತಾಂಶ ಜೂನಿಗೆ ಮೊದಲೇ ಬಂತು. ಆ ದಿನ ಅವಳು ಪರೀಕ್ಷೆ ಬರೆದ ಶಾಲೆಯ ಕಾಂಪೌಂಡಿನ ಒಳಗೆ ಬೋರ್ಡಿನ ಮುಂದೆ ಜನವೋ ಜನ. ನಾನು ಅಂಗಡಿ ತೆರೆಯದೆ ಹೋಗಿದ್ದೆ. ಕೈಯಲ್ಲಿ ನಂಬರು ಬರೆದ ಚೀಟಿ. ಪಕ್ಕದವರೊಬ್ಬರು, ಮಗನದಾ ಮಗಳದಾ ಎಂದು ಕೇಳಿದರು. ಹೆಂಡತಿಯದು ಅಂದೆ. ಅವರು ಸರಿದು ಜಾಗ ಬಿಟ್ಟರು. ನಂಬರು ಇತ್ತು. ಮೇಲಿನಿಂದ ಒಂದು ಸಲ ನೋಡಿದೆ, ಕೆಳಗಿನಿಂದ ಒಂದು ಸಲ, ಆಮೇಲೆ ಅದರ ಮೇಲೆ ಬೆರಳಿಟ್ಟು ಒಂದು ಸಲ.

ಮನೆಗೆ ಬಂದು ಹೇಳಿದೆ. ಅವಳು ಬಟ್ಟೆ ಒಗೆಯುತ್ತಿದ್ದಳು.

"ಸರಿಯಾಗಿ ನೋಡಿದ್ರಾ?"

"ಮೂರು ಸಲ ನೋಡ್ದೆ."

"ನಂಬರು ಹೇಳಿ."

ಹೇಳಿದೆ. ಅವಳು ಕೈಯಲ್ಲಿದ್ದ ಬಟ್ಟೆ ಹಿಂಡಿ, ಬಕೆಟ್ಟಿಗೆ ಹಾಕಿ, ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದಳು. ನಾನು ನೋಡಿಬರುತ್ತೇನೆ ಅಂದಳು. ನನಗೆ ಬೇಜಾರಾಗಲಿಲ್ಲ. ವ್ಯಾಪಾರಿಯ ಮಾತು ಕೇಳಿ ಸರಕು ಒಪ್ಪಿಕೊಳ್ಳಬೇಡಿ, ಕಣ್ಣಾರೆ ನೋಡಿ ಎಂದು ಎಲ್ಲರಿಗೂ ಹೇಳುವವನು ನಾನೇ. ಜೊತೆಯಲ್ಲಿ ಹೋದೆ, ಆದರೆ ಒಳಗೆ ಹೋಗದೆ ರಸ್ತೆಯ ಈಚೆ ಬದಿ ನಿಂತೆ.

ಅಷ್ಟು ಹೊತ್ತಿಗೆ ಜನ ಕರಗಿತ್ತು. ಅವಳು ಬೋರ್ಡಿನ ಮುಂದೆ ಒಬ್ಬಳೇ ನಿಂತಿದ್ದಳು. ಜವಾನ ಗೇಟು ಹಾಕಲು ಬೀಗ ಹಿಡಿದು ಬಂದ. ಅವಳನ್ನು ನೋಡಿ ಏನೋ ಹೇಳಿದ. ಅವಳು ತಿರುಗದೆ ಏನೋ ಉತ್ತರ ಕೊಟ್ಟಳು. ಅವನು ಬೀಗವನ್ನು ಗೇಟಿಗೆ ತೂಗುಹಾಕಿ, ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿದ.